ಹಿಮ್ಮಡಿ ತಿರುಗಿಸುವ ಕಲೆ

ಹಿಮಾಚಲದ ಲಾಹೌಲ್ ಕಣಿವೆಯ ಕೇಲಾಂಗ್ ಪಟ್ಟಣ ಸಮುದ್ರಮಟ್ಟದಿಂದ 3,000 ಮೀಟರಿಗೂ ಎತ್ತರದಲ್ಲಿದೆ. 2020ರಲ್ಲಿ ಅಟಲ್ ಸುರಂಗ ತೆರೆಯುವ ತನಕ, ರೋಹ್ತಾಂಗ್ ಘಟ್ಟದಲ್ಲಿ ಹಿಮ ಬಿತ್ತೆಂದರೆ ತಿಂಗಳುಗಟ್ಟಲೆ ದಾರಿ ಬಂದ್. ಹೊಲದ ಕೆಲಸವಿಲ್ಲದ ಆ ತಿಂಗಳುಗಳಲ್ಲಿ ಹೆಂಗಸರ ಕೈಯಲ್ಲಿ ಬೆಳೆದು ಬಂದದ್ದು ಉಣ್ಣೆಯ ದಪ್ಪ ಕಾಲುಚೀಲ. 19ನೇ ಶತಮಾನದಲ್ಲಿ ಅಲ್ಲಿ ನೆಲೆಸಿದ ಮೊರೇವಿಯನ್ ಮಿಷನರಿಗಳು ಕಡ್ಡಿ ಹೆಣಿಗೆ ಕಲಿಸಿದರು. ಅದನ್ನು ತಮ್ಮದಾಗಿಸಿಕೊಂಡು ಬಣ್ಣಬಣ್ಣದ ಚಿತ್ತಾರ ತುಂಬಿದವರು ಲಾಹೌಲಿನ ಹೆಂಗಸರು. 2021ರಲ್ಲಿ ಈ ಕಾಲುಚೀಲಕ್ಕೆ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿತು.

ಚಿತ್ತಾರ ಬರೀ ಅಂದಕ್ಕಲ್ಲ. ಒಂದೇ ಸಾಲಿನಲ್ಲಿ ಎರಡು ಬಣ್ಣದ ನೂಲು ಓಡುವಾಗ, ಮೇಲೆ ಕಾಣದ ನೂಲು ಒಳಮೈಯಲ್ಲಿ ಸಾಗುತ್ತದೆ. ಹೀಗೆ ಚೀಲ ಇಮ್ಮಡಿ ದಪ್ಪವಾಗಿ, ನಡುವೆ ಗಾಳಿ ಸಿಕ್ಕಿಕೊಂಡು ಬೆಚ್ಚಗಿರುತ್ತದೆ. ಒಳನೂಲನ್ನು ಬಿಗಿಯಾಗಿ ಎಳೆದರೆ ಮಾತ್ರ ಕಾಲು ತೂರುವುದಿಲ್ಲ.

ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸುವುದು ಹಿಮ್ಮಡಿ. ಬಟ್ಟೆಯಾದರೆ ಕತ್ತರಿಸಿ ಹೊಲಿಯಬೇಕು. ಇಲ್ಲಿ ಕತ್ತರಿಯೂ ಇಲ್ಲ, ಹೊಲಿಗೆಯೂ ಇಲ್ಲ. ನೂಲೇ ಮೂಲೆ ತಿರುಗಬೇಕು. ಮನೆಯೊಳಗೆ ಹಾಕುವ ಉಣ್ಣೆಯ ಬೂಟಿಗೂ ಇದೇ ಉಪಾಯ. ಮೇಲಿನಿಂದ ಕೆಳಕ್ಕೆ ಹೆಣೆಯುವ, ಎಲ್ಲೆಡೆ ಬಳಕೆಯಲ್ಲಿರುವ ಕ್ರಮವನ್ನೇ ನೋಡಿ. ದಪ್ಪ ಉಣ್ಣೆಯಲ್ಲಿ 40 ಕುಣಿಕೆ ಎಂದಿಟ್ಟುಕೊಳ್ಳೋಣ. ಎರಡೂ ತುದಿ ಚೂಪಾದ ನಾಲ್ಕು ಕಡ್ಡಿಗಳಲ್ಲಿ ಹತ್ತು ಹತ್ತು ಕುಣಿಕೆ, ಐದನೆಯ ಕಡ್ಡಿ ಹೆಣೆಯಲು. ಹರಡಿನವರೆಗೆ ಸುತ್ತಿ ಸುತ್ತಿ ಕೊಳವೆಯಾಗಿ ಇಳಿಯುವುದು ಸುಲಭ. ಅಲ್ಲಿ 20 ಕುಣಿಕೆಗಳನ್ನು ಸುಮ್ಮನೆ ಬಿಟ್ಟು, ಉಳಿದ 20ರ ಮೇಲೆ ಮಾತ್ರ ಹಿಂದೆ ಮುಂದೆ 20 ಸಾಲು ಹೆಣೆದರೆ ಹಿಮ್ಮಡಿಯ ಹಿಂಬದಿಗೆ ಒಂದು ಪಟ್ಟಿಯಾಗುತ್ತದೆ. ಆಮೇಲೆ ಸಾಲನ್ನು ಪೂರ್ತಿ ಮುಗಿಸದೆ ನಡುವಿನಿಂದಲೇ ಹಿಂತಿರುಗಬೇಕು. ಪ್ರತಿ ತಿರುವಿನಲ್ಲೂ ಎರಡು ಕುಣಿಕೆ ಸೇರಿಸಿ ಒಂದು ಮಾಡಿ, ಇನ್ನೊಂದು ಹೆಣೆದು, ಮತ್ತೆ ಹಿಂದಕ್ಕೆ. 20 ಇದ್ದದ್ದು 12ಕ್ಕೆ ಇಳಿಯುವಷ್ಟರಲ್ಲಿ ಚಪ್ಪಟೆ ಪಟ್ಟಿ ಬಟ್ಟಲಿನಂತೆ ಬಾಗಿರುತ್ತದೆ. ಮೊದಲ ಸಲ ಹೆಣೆಯುವವರಿಗೆ ಇದು ತಪ್ಪಿತೇನೋ ಎಂದೇ ಅನಿಸುತ್ತದೆ. ಲೆಕ್ಕ ನಂಬಿ ಮುಂದುವರಿಯಬೇಕು. ಪಟ್ಟಿಯ ಎರಡು ಅಂಚಿನಿಂದ ಹತ್ತು ಹತ್ತು ಕುಣಿಕೆ ಎತ್ತಿಕೊಂಡು, ಬಿಟ್ಟಿದ್ದ 20ನ್ನು ಸೇರಿಸಿದರೆ 52. ಸುತ್ತು ಬಿಟ್ಟು ಸುತ್ತಿನಲ್ಲಿ ಎರಡೆರಡು ಕಡಿಮೆ ಮಾಡುತ್ತ 40ಕ್ಕೆ ಬಂದರೆ ಪಾದದ ಅಳತೆ ಕೂಡಿತು.

ಮುಂದಿನದು ಬೇಗ ಸಾಗುತ್ತದೆ. ಕಿರುಬೆರಳ ತುದಿ ಮುಚ್ಚುವವರೆಗೆ ನೇರ ಹೆಣೆದು, ಎರಡೂ ಪಕ್ಕದಲ್ಲಿ ಕುಣಿಕೆ ಇಳಿಸಿ, ಉಳಿದವನ್ನು ದಬ್ಬಳದಿಂದ ಸೇರಿಸಿದರಾಯಿತು. ಬೂಟಿನಂತೆ ಬಳಸುವುದಾದರೆ ಅಂಗಾಲಿಗೆ ಮೆತ್ತನೆಯ ಚರ್ಮ ಹೊಲಿಯುವುದು ಒಳ್ಳೆಯದು: ನುಣುಪು ನೆಲದ ಮೇಲೆ ಉಣ್ಣೆ ಜಾರುತ್ತದೆ, ಹಿಮ್ಮಡಿಯೇ ಮೊದಲು ಸವೆಯುತ್ತದೆ. ಒಗೆಯುವಾಗ ತಣ್ಣೀರೇ ಇರಲಿ, ತಿಕ್ಕಬೇಡಿ. ಬಿಸಿನೀರು, ಉಜ್ಜಾಟ ಸೇರಿದರೆ ಉಣ್ಣೆಯ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬೂಟು ಕುಗ್ಗಿಬಿಡುತ್ತದೆ.