ಮಗುವಿನ ಎದೆನೋವಿಗೆ ಶಾಲೆಯ ಭಯ ಕಾರಣವೇ?



ಎದೆನೋವು, ಎದೆ ಢವಢವ ಅಂತ ಶಾಲೆಗೆ ಹೋಗುವ ಮಕ್ಕಳನ್ನು ನನ್ನ ಹತ್ತಿರ ಕರೆತರುತ್ತಾರೆ. ಹೆಚ್ಚಿನವರ ಇಸಿಜಿ, ಎಕೋ ಸರಿಯಾಗಿಯೇ ಇರುತ್ತವೆ. ಮೊನ್ನೆ ಬಂದ ಹುಡುಗನಿಗೆ ನೋವು ಸೋಮವಾರದಿಂದ ಶುಕ್ರವಾರದವರೆಗೆ ಮಾತ್ರ! ಊರು ಬಿಟ್ಟು ಬಂದ ಕುಟುಂಬ, ಹೊಸ ಶಾಲೆ. ಅವನ ಹಿಂದಿ ಉಚ್ಚಾರವನ್ನು ಅಣಕಿಸುವುದು, ಬಸ್ಸಿನಲ್ಲಿ ತಲೆಗೆ ಮೊಟಕುವುದು ತಿಂಗಳುಗಳಿಂದ ನಡೆದಿತ್ತು. ಟೀಚರಿಗೆ ಗೊತ್ತಿರಲಿಲ್ಲ. ಬಸ್ಸಿನ ಮಕ್ಕಳಿಗೆಲ್ಲ ಗೊತ್ತಿತ್ತು.

ಭಯವಾದಾಗ ದೇಹದಲ್ಲಿ ಅಡ್ರಿನಲಿನ್ ಹೆಚ್ಚಿ ಹೃದಯ ಜೋರಾಗಿ ಬಡಿಯುತ್ತದೆ. ಮಗು ನಾಟಕ ಮಾಡುತ್ತಿಲ್ಲ.

*ಮೊದಲು ನೋಡುವವರು ಜೊತೆಯ ಮಕ್ಕಳು*
ಕೆನಡಾದ ಶಾಲಾ ಮೈದಾನಗಳಲ್ಲಿ ನಡೆದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಇನ್ನೊಂದು ಮಗು ಮಧ್ಯೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ ಕಾಟ 10 ಸೆಕೆಂಡಿನೊಳಗೆ ನಿಂತಿತು. ಹಾಗಂತ ಮಕ್ಕಳಿಗೆ ಪೊಲೀಸ್ ಕೆಲಸ ಕೊಡಬಾರದು. ಕಾಟಕ್ಕೆ ಸಿಕ್ಕವನನ್ನು "ಬಾ, ಹೋಗೋಣ" ಅಂತ ಕರೆದೊಯ್ಯುವುದು, ಪಕ್ಕದಲ್ಲಿ ಕೂರುವುದು, ದೊಡ್ಡವರಿಗೆ ತಿಳಿಸುವುದು, ಇಷ್ಟು ಸಾಕು.

*ದೊಡ್ಡವರಿಗೆ ತರಬೇತಿ ಯಾಕೆ?*
ಧೈರ್ಯ ಮಾಡಿ ಹೇಳಲು ಬಂದ ಮಗುವಿಗೆ "ಚಾಡಿ ಹೇಳಬೇಡ" ಅಂದರೆ ಅದು ಮತ್ತೆ ಬರುವುದಿಲ್ಲ. ಸಿಬ್ಬಂದಿ ಕಲಿಯಬೇಕಾದದ್ದು:
✅ ಬೈಯದೆ, ಪೂರ್ತಿ ಕೇಳಿಸಿಕೊಳ್ಳುವುದು
✅ ಹೇಳಿದ ಮಗುವಿನ ಹೆಸರನ್ನು ತರಗತಿಯಲ್ಲಿ ಎತ್ತದಿರುವುದು
✅ ಹೊಡೆದವನನ್ನೂ ಹೊಡೆತ ತಿಂದವನನ್ನೂ ಎದುರುಬದುರು ನಿಲ್ಲಿಸಿ "ಸಾರಿ ಹೇಳು" ಅನ್ನದಿರುವುದು
✅ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಪೋಕ್ಸೋ ಕಾನೂನಿನಂತೆ ಪೊಲೀಸರಿಗೆ ತಿಳಿಸುವುದು. ಇದು ಕಡ್ಡಾಯ

ಬಿಹಾರದ ನಳಂದಾ ಜಿಲ್ಲೆಯ 74 ಪ್ರೌಢಶಾಲೆಗಳಲ್ಲಿ 'ಸೆಹರ್' ಎಂಬ ಅಧ್ಯಯನ ನಡೆಯಿತು. ಇದೇ ಕೆಲಸಕ್ಕೆಂದು ತರಬೇತಿ ಪಡೆದ ಸಲಹೆಗಾರರಿದ್ದ ಶಾಲೆಗಳಲ್ಲಿ ಕಾಟ, ಹೊಡೆದಾಟ ಕಡಿಮೆಯಾದವು. ಅದೇ ಕೆಲಸವನ್ನು ಶಿಕ್ಷಕರಿಗೆ ವಹಿಸಿದ ಶಾಲೆಗಳಲ್ಲಿ ವರ್ಷದ ಕೊನೆಗೆ ವ್ಯತ್ಯಾಸ ಕಾಣಲಿಲ್ಲ. ನನಗೆ ಕಂಡ ಪಾಠ: ತರಬೇತಿ ಕೊಟ್ಟರೆ ಸಾಲದು, ಮಕ್ಕಳ ಮಾತು ಕೇಳಲು ಸಮಯವನ್ನೂ ಕೊಡಬೇಕು.

*ಪೋಷಕರ ಸಭೆಯಲ್ಲಿ ಕೇಳಿ*
1. ತೊಂದರೆಯಾದರೆ ಮಗು ಯಾರಿಗೆ ಹೇಳಬೇಕು?
2. ಅವರಿಗೆ ಅದಕ್ಕೆಂದೇ ಸಮಯ ಇದೆಯೇ?
3. ಬಸ್ ಸಿಬ್ಬಂದಿ, ಆಯಾಗಳಿಗೂ ತರಬೇತಿ ಇದೆಯೇ?

⚠️ ಆಡುವಾಗ, ಓಡುವಾಗ ಎದೆನೋವು ಬಂದರೆ, ಪ್ರಜ್ಞೆ ತಪ್ಪಿದರೆ, ಅಥವಾ ಮನೆತನದಲ್ಲಿ ಚಿಕ್ಕ ವಯಸ್ಸಿನ ಹಠಾತ್ ಸಾವು ಇದ್ದರೆ "ಭಯ ಅಷ್ಟೇ" ಅನ್ನಬೇಡಿ. ಮೊದಲು ವೈದ್ಯರಿಗೆ ತೋರಿಸಿ.

ಮಕ್ಕಳ ಸಹಾಯವಾಣಿ: 1098.

ಆ ಹುಡುಗನಿಗೆ ನಾನು ಮಾತ್ರೆ ಬರೆಯಲಿಲ್ಲ. ಈಗ ಬಸ್ಸಿನಲ್ಲಿ ಅವನ ಪಕ್ಕ ಇಬ್ಬರು ಗೆಳೆಯರು ಕೂರುತ್ತಾರೆ. ಅವರ ಮಾತು ಕೇಳುವ ಒಬ್ಬ ಟೀಚರ್ ಇದ್ದಾರೆ. ನೋವು ಕಡಿಮೆಯಾಗಿದೆ.

ಇವತ್ತು ರಾತ್ರಿ ನಿಮ್ಮ ಮಗುವನ್ನು ಕನ್ನಡದಲ್ಲೇ ಕೇಳಿ: "ಮಧ್ಯಾಹ್ನ ಯಾರ ಜೊತೆ ಊಟ ಮಾಡಿದೆ?"

ಉಪಯುಕ್ತ ಅನಿಸಿದರೆ ಬೇರೆ ಪೋಷಕರಿಗೂ ಕಳುಹಿಸಿ. 🙏