ಹಿಡಿಯಲು ಹ್ಯಾಂಡಲ್ ಇಲ್ಲ, ಒತ್ತಲು ಬ್ರೇಕ್ ಇಲ್ಲ!

*ಸರ್ಕಸ್ ಡೇರೆಯಿಂದ ಶಾಲೆಯ ಅಂಗಳಕ್ಕೆ ಬರಬೇಕಿದೆ ಒಂಟಿ ಚಕ್ರದ ಸೈಕಲ್ಲು*

ನಾಗಲದಿನ್ನೆ: ಹ್ಯಾಂಡಲ್ ಇಲ್ಲ. ಬ್ರೇಕ್ ಇಲ್ಲ. ಚೈನಿಲ್ಲ, ಕ್ಯಾರಿಯರ್ ಇಲ್ಲ. ಇರುವುದು ಒಂದು ಚಕ್ರ, ಎರಡು ಪೆಡಲ್, ಮೇಲೊಂದು ಸೀಟು, ಅಷ್ಟೇ. ಇದರ ಮೇಲೆ ಕೂತು ಮನುಷ್ಯ ಹೋಗ್ತಾನೆ ಅಂದ್ರೆ ಅದು ಸರ್ಕಸ್‌ನವರಿಗೆ ಮಾತ್ರ ಸಾಧ್ಯ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿ ಬೇರೂರಿದೆ. ಆದರೆ ವಾಸ್ತವವೇ ಬೇರೆ. ಹುಡುಗನಿರಲಿ, ಹುಡುಗಿಯಿರಲಿ, ದಿನಕ್ಕೆ ಅರ್ಧ ತಾಸು ಕೊಟ್ಟರೆ ಸಾಮಾನ್ಯವಾಗಿ ತಿಂಗಳೊಪ್ಪತ್ತಿನಲ್ಲಿ ಒಂಟಿ ಚಕ್ರದ ಮೇಲೆ ಹತ್ತು ಮಾರು ದೂರ ಹೋಗಬಹುದು. ಅದಕ್ಕೆ ಬೇಕಾದದ್ದು ಒಂದು ಗೋಡೆ, ಒಂದಿಷ್ಟು ಗಟ್ಟಿ ನೆಲ, ಬೀಳಲು ಅಂಜದ ಮನಸ್ಸು.

ತುಂಗಭದ್ರೆಯ ದಂಡೆಯ ಈ ಗಡಿ ಸೀಮೆಗೆ ಒಂಟಿ ಚಕ್ರ ಹೊಸ ನೋಟವೇನಲ್ಲ. ಕನ್ನಡದವರು ಒಂಟಿ ಚಕ್ರ ಅಂದರೂ, ತೆಲುಗಿನವರು ಒಂಟಿ ಚಕ್ರಂ ಅಂದರೂ ಇಲ್ಲಿ ಎಲ್ಲರಿಗೂ ತಿಳಿಯುತ್ತದೆ. ಜಾತ್ರೆ, ಉರುಸುಗಳಿಗೆ ಬರುತ್ತಿದ್ದ ಸರ್ಕಸ್ ಡೇರೆಗಳಲ್ಲಿ ಅದನ್ನು ನೋಡಿ ಚಪ್ಪಾಳೆ ತಟ್ಟಿದವರು ಬೇಕಾದಷ್ಟು ಮಂದಿ. ಡೇರೆ ಬರದ ಹಳ್ಳಿಗಳಿಗೆ ಸೈಕಲ್ ಆಟದವರು ಬರುತ್ತಿದ್ದರು. ಊರ ಬಯಲಲ್ಲಿ ಕಂಬ ನೆಟ್ಟು, ಮೈಕ್ ಕಟ್ಟಿ, ನೆಲಕ್ಕೆ ಕಾಲು ತಾಗಿಸದೆ ದಿನಗಟ್ಟಲೆ ಸುತ್ತು ಹೊಡೆಯುವುದು ಅವರ ಕಸುಬು. ಊಟ ಸೈಕಲ್ ಮೇಲೆ, ಸ್ನಾನವೂ ಸೈಕಲ್ ಮೇಲೆ. ಸಂಜೆಯಾದರೆ ನೆಲದ ಮೇಲಿನ ನೋಟನ್ನು ಬಾಯಲ್ಲಿ ಎತ್ತುವುದು, ಮುಂದಿನ ಚಕ್ರ ಎತ್ತಿ ಹಿಂದಿನದರ ಮೇಲೇ ಓಡಿಸುವುದು, ಹೀಗೆ ನಾನಾ ಕಸರತ್ತು. ಟಿವಿ ಮನೆಮನೆಗೆ ಬಂತು, ಆಮೇಲೆ ಮೊಬೈಲ್ ಬಂತು. ಸೈಕಲ್ ಆಟದವರು ಅಪರೂಪವಾದರು.

ದೊಡ್ಡ ಚಕ್ರದ ಮರಿ

1870ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಮುಂದೆ ಆಳೆತ್ತರದ ಚಕ್ರ, ಹಿಂದೆ ಪುಟ್ಟ ಚಕ್ರ ಇರುವ ಸೈಕಲ್ಲುಗಳು ಓಡಾಡುತ್ತಿದ್ದವು. ಪೆಡಲ್ ಇದ್ದದ್ದು ಮುಂದಿನ ಚಕ್ರಕ್ಕೇ. ಇಳಿಜಾರಿನಲ್ಲಿ ತಡೆ ಹಾಕಿದರೆ ಹಿಂದಿನ ಚಕ್ರ ಗಾಳಿಗೆ ಏಳುತ್ತಿತ್ತು, ಸವಾರ ಕ್ಷಣಕಾಲ ಒಂದೇ ಚಕ್ರದ ಮೇಲೆ ಇರುತ್ತಿದ್ದ. ಹಿಂದಿನ ಚಕ್ರ ಇಲ್ಲದೆಯೂ ನಡೆದೀತು ಅಂತ ಹೊಳೆದದ್ದು ಇದರಿಂದಲೇ ಎಂದು ಸಾಮಾನ್ಯವಾಗಿ ಹೇಳುತ್ತಾರೆ.

ಭಾರತದ ಸರ್ಕಸ್ ಶುರುವಾದದ್ದೂ ಹೆಚ್ಚುಕಡಿಮೆ ಅದೇ ಕಾಲಕ್ಕೆ. ವಿಷ್ಣುಪಂತ ಛತ್ರೆ ಅವರ ಗ್ರೇಟ್ ಇಂಡಿಯನ್ ಸರ್ಕಸ್ ಮೊದಲ ಆಟ ಆಡಿದ್ದು 1880ರಲ್ಲಿ. ಕೀಲೇರಿ ಕುಂಞಿಕಣ್ಣನ್ 1901ರಲ್ಲಿ ಕೇರಳದ ತಲಶ್ಶೇರಿಯ ಬಳಿ ಸರ್ಕಸ್ ಶಾಲೆಯನ್ನೇ ತೆರೆದರು. ಮುಂದೆ ಒಂಟಿ ಚಕ್ರವೂ ಡೇರೆಯೊಳಗೆ ಖಾಯಂ ಜಾಗ ಹಿಡಿಯಿತು.

ಬೀಳುವ ಕಡೆಗೇ ಓಡಿಸು

ಅಂಗೈ ಮೇಲೆ ಕೋಲು ನಿಲ್ಲಿಸುವ ಆಟ ಯಾವ ಮಗುವಿಗೆ ಗೊತ್ತಿಲ್ಲ? ಕೋಲು ಮುಂದಕ್ಕೆ ವಾಲಿದರೆ ಕೈಯೂ ಮುಂದಕ್ಕೆ, ಹಿಂದಕ್ಕೆ ವಾಲಿದರೆ ಕೈಯೂ ಹಿಂದಕ್ಕೆ. ಒಂಟಿ ಚಕ್ರದ ಗುಟ್ಟೂ ಇಷ್ಟೇ. ಕೋಲಿನ ಜಾಗದಲ್ಲಿ ನಮ್ಮ ಮೈ, ಅಂಗೈ ಜಾಗದಲ್ಲಿ ಚಕ್ರ. ಮೈ ಮುಂದಕ್ಕೆ ವಾಲಿದರೆ ಜೋರಾಗಿ ತುಳಿದು ಚಕ್ರವನ್ನು ಮೈಯ ಅಡಿಗೆ ತರಬೇಕು. ಹಿಂದಕ್ಕೆ ವಾಲಿದರೆ ನಿಧಾನ ಮಾಡಬೇಕು. ಎಡಕ್ಕೆ ವಾಲಿದರೆ ಚಕ್ರವನ್ನು ಎಡಕ್ಕೇ ತಿರುಗಿಸಬೇಕು. ಹೆದರಿ ತುಳಿಯುವುದನ್ನು ನಿಲ್ಲಿಸಿದಿರೋ, ಬಿದ್ದಿರಿ ಅಂತಲೇ ಲೆಕ್ಕ.

ಹಳೇ ಸೈಕಲ್ಲಿನ ಮುಂದಿನ ಚಕ್ರ ಬಿಚ್ಚಿಟ್ಟರೆ ಒಂಟಿ ಚಕ್ರ ಆಯ್ತಲ್ಲ ಅಂತ ಕೆಲವರು ತಿಳಿಯುತ್ತಾರೆ. ಆಗದು. ನಾವು ತುಳಿಯುವ ಸೈಕಲ್ಲಿಗೆ ಫ್ರೀವೀಲ್ ಇರುತ್ತದೆ. ಹಿಂದಕ್ಕೆ ತುಳಿದರೆ ಪೆಡಲ್ ಬರಿದೇ ತಿರುಗುತ್ತದೆ, ಚಕ್ರಕ್ಕೆ ತಡೆ ಸಿಗುವುದಿಲ್ಲ. ಒಂಟಿ ಚಕ್ರದಲ್ಲಿ ಪೆಡಲ್ ನೇರವಾಗಿ ಚಕ್ರದ ಅಚ್ಚಿಗೇ ಕೂತಿರುತ್ತದೆ. ಕಾಲು ನಿಂತರೆ ಚಕ್ರ ನಿಂತಿತು, ಕಾಲು ಹಿಂದಕ್ಕೆ ಹೋದರೆ ಚಕ್ರವೂ ಹಿಂದಕ್ಕೆ. ಬ್ರೇಕ್, ಆಕ್ಸಿಲರೇಟರ್ ಎರಡೂ ಕಾಲೇ. ಕಲಿಯುವವರಿಗೆ 20 ಇಂಚಿನ ಚಕ್ರ ಅನುಕೂಲ. ಪೆಡಲ್ ಒಂದು ಸುತ್ತು ಹಾಕಿದರೆ ಸುಮಾರು 1.6 ಮೀಟರ್ ಸಾಗುತ್ತದೆ. ಅಂದರೆ ಒಂದು ಕಿಲೋಮೀಟರಿಗೆ 600ಕ್ಕೂ ಹೆಚ್ಚು ಸಲ ತುಳಿಯಬೇಕು. ಇಳಿಜಾರಿನಲ್ಲೂ ಕಾಲಿಗೆ ವಿಶ್ರಾಂತಿ ಇಲ್ಲ!

ಕಲಿಯುವುದು ಹೇಗೆ?

ಮೊದಲು ಜಾಗ ನೋಡಿ. ನಮ್ಮ ಎರೆ ನೆಲ ಇದಕ್ಕೆ ಒಗ್ಗದು. ಮಳೆ ಬಂದರೆ ಚಕ್ರಕ್ಕೆ ಮೆತ್ತಿಕೊಳ್ಳುತ್ತದೆ, ಬಿಸಿಲಾದರೆ ಬಿರುಕು ಬಿಡುತ್ತದೆ. ಶಾಲೆಯ ಪಡಸಾಲೆ, ಗುಡಿ ಮುಂದಿನ ಬಂಡೆ ಹಾಸು, ವಾಹನ ಓಡಾಡದ ಸಿಮೆಂಟ್ ಓಣಿ ಒಳ್ಳೆಯದು. ಪಕ್ಕದಲ್ಲಿ ಉದ್ದನೆಯ ಗೋಡೆಯೋ ಕಟಾಂಜನವೋ ಇರಲಿ. ಟೈರಿಗೆ ಗಾಳಿ ಬಿಗಿಯಾಗಿರಲಿ. ಸೀಟು ಹೊಕ್ಕುಳ ಮಟ್ಟಕ್ಕೆ ಬರಲಿ. ಕೂತು ಕೆಳಗಿನ ಪೆಡಲ್ ಮುಟ್ಟಿದರೆ ಕಾಲು ಹೆಚ್ಚುಕಡಿಮೆ ನೇರ ಆಗಬೇಕು. ಸೀಟು ತಗ್ಗಿದ್ದರೆ ತೊಡೆ ಬೇಗ ಸೋಲುತ್ತದೆ.

ಹತ್ತುವಾಗ ಒಂದು ಪೆಡಲ್ ತನ್ನ ಕಡೆಗೆ, ಸ್ವಲ್ಪ ಕೆಳಗೆ ಇರುವಂತೆ ನೋಡಿಕೊಳ್ಳಬೇಕು. ಸೀಟನ್ನು ತೊಡೆಗಳ ನಡುವೆ ಇಟ್ಟು ಆ ಪೆಡಲ್ ತುಳಿದರೆ ಚಕ್ರ ಹಿಂದಕ್ಕೆ ಸರಿದು ತಾನಾಗಿ ಮೈಯ ಅಡಿಗೆ ಬರುತ್ತದೆ. ಒಂದು ಕೈ ಗೋಡೆಗೆ, ಇನ್ನೊಂದು ಗೆಳೆಯನ ಹೆಗಲಿಗೆ. ಮೊದಲು ಅರ್ಧ ಸುತ್ತು, ನಿಲ್ಲು. ಮತ್ತರ್ಧ ಸುತ್ತು, ನಿಲ್ಲು. ಹೊಸಬರೆಲ್ಲ ಮಾಡುವ ತಪ್ಪು ಒಂದೇ, ಪೆಡಲ್ ಮೇಲೆ ಎದ್ದು ನಿಲ್ಲುವುದು. ಭಾರವೆಲ್ಲ ಸೀಟಿನ ಮೇಲಿರಬೇಕು, ಕಾಲು ಹಗುರ ಇರಬೇಕು. ಕಣ್ಣು ಚಕ್ರದ ಮೇಲಲ್ಲ, ದೂರದ ಮರದ ಮೇಲಿರಲಿ.

ಇನ್ನು ಬೀಳುವ ಮಾತು. ಮುಂದಕ್ಕೆ ಬೀಳುವಂತಾದರೆ ಸುಮ್ಮನೆ ಎರಡು ಹೆಜ್ಜೆ ನಡೆದುಬಿಡುವುದು, ಸೈಕಲ್ಲು ಹಿಂದೆ ಬೀಳಲಿ. ಕಾಲು ಸಿಕ್ಕಿಕೊಳ್ಳಲು ಮುಂದೆ ಹ್ಯಾಂಡಲ್ಲಾಗಲಿ ಅಡ್ಡ ಕಂಬಿಯಾಗಲಿ ಇಲ್ಲವಲ್ಲ. ಆದರೂ ಹೆಲ್ಮೆಟ್ ಹಾಕಲೇಬೇಕು, ಮೊಣಕಾಲಿಗೆ, ಮಣಿಕಟ್ಟಿಗೆ ಕವಚ ಇರಲಿ. ಚಪ್ಪಲಿ ಬೇಡ, ಶೂ ಬೇಕು, ಲೇಸು ಒಳಗೆ ಸಿಕ್ಕಿಸಿರಬೇಕು. ಹೀಗೆ 10ರಿಂದ 15 ತಾಸು ಬಿದ್ದೆದ್ದರೆ ಸಾಕು, ಬಹಳಷ್ಟು ಜನಕ್ಕೆ ಗೋಡೆ ಬಿಟ್ಟು ಹೋಗುವ ಧೈರ್ಯ ಬರುತ್ತದೆ.

ಇನ್ನು ಕಲಿಸುವವರು ಯಾರು?

ಇಷ್ಟು ದಿನ ಈ ವಿದ್ಯೆಯನ್ನು ಉಳಿಸಿದ್ದು ಡೇರೆ. ಆ ಡೇರೆಯೇ ಈಗ ಸೊರಗಿದೆ. ಹುಲಿ, ಸಿಂಹ, ಕರಡಿಗಳನ್ನು ಆಡಿಸುವುದಕ್ಕೆ 1998ರಲ್ಲಿ ಕೇಂದ್ರ ಸರ್ಕಾರ ನಿಷೇಧ ಹೇರಿತು, 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿ ಹಿಡಿಯಿತು. ಮುಂದೆ ಏಪ್ರಿಲ್ 18, 2011ರಂದು ಸರ್ಕಸ್‌ಗಳಲ್ಲಿ ಮಕ್ಕಳನ್ನು ದುಡಿಸಿಕೊಳ್ಳುವುದನ್ನು ನಿಷೇಧಿಸುವಂತೆ ಅದೇ ಕೋರ್ಟ್ ಕೇಂದ್ರಕ್ಕೆ ಆದೇಶಿಸಿತು. ಬಡ ಮನೆಗಳ ಮಕ್ಕಳನ್ನು ದೂರದ ಊರುಗಳಿಂದ ತಂದು ಡೇರೆಯಲ್ಲಿ ಕೂಡಿಹಾಕಿ ಕಲಿಸುತ್ತಿದ್ದ ಕ್ರಮ ನಿಲ್ಲಬೇಕಾದದ್ದು ನ್ಯಾಯವೇ. ಅದರ ಬಗ್ಗೆ ಎರಡು ಮಾತಿಲ್ಲ.

ಆದರೆ ಮಗುವನ್ನು ಬಿಡಿಸಿದ್ದು ದುಡಿಮೆಯಿಂದ, ಆಟದಿಂದ ಅಲ್ಲ. ಒಂಟಿ ಚಕ್ರ ಹೊಟ್ಟೆಪಾಡಿನ ಕಸರತ್ತಾಗಿದ್ದಾಗ ಮಗುವಿಗೆ ಶಿಕ್ಷೆ. ಅದೇ ಚಕ್ರ ಶಾಲೆಯ ಅಂಗಳದಲ್ಲಿದ್ದರೆ ಆಟ, ವ್ಯಾಯಾಮ, ಧೈರ್ಯದ ಪಾಠ. ಜಪಾನಿನಲ್ಲಿ ಆಗಿರುವುದು ಇದೇ. ಅಲ್ಲಿ 1989ರಲ್ಲಿ ಪರಿಷ್ಕರಿಸಿದ ಪ್ರಾಥಮಿಕ ಶಾಲೆಯ ದೈಹಿಕ ಶಿಕ್ಷಣದ ಪಠ್ಯಕ್ರಮದಲ್ಲಿ ಒಂಟಿ ಚಕ್ರಕ್ಕೂ ಜಾಗ ಸಿಕ್ಕಿತು. ಬಿಡುವಿನ ವೇಳೆ ಮಕ್ಕಳು, ಅದರಲ್ಲೂ ಹುಡುಗಿಯರು, ಅಂಗಳದಲ್ಲಿ ಚಕ್ರ ಹತ್ತಿ ಸುತ್ತುವುದು ಅಲ್ಲಿ ಸಾಮಾನ್ಯ. ಇಂಗ್ಲೆಂಡಿನ ಎಡ್ ಪ್ರಾಟ್ ಎಂಬ ಯುವಕ 2015ರಲ್ಲಿ, ತನ್ನ 19ನೇ ವಯಸ್ಸಿನಲ್ಲಿ, 36 ಇಂಚಿನ ಒಂಟಿ ಚಕ್ರ ಹತ್ತಿ ಹೊರಟು 2018ರಲ್ಲಿ ಜಗತ್ತು ಸುತ್ತಿ ಊರಿಗೆ ಮರಳಿದ. ಅವನೇನೂ ಸರ್ಕಸ್ ಡೇರೆಯವನಲ್ಲ.

ದಕ್ಷಿಣದಲ್ಲೇ ಒಂದು ಉದಾಹರಣೆ ಇದೆ. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ ಅಕ್ಷರ ಕಲಿಸುವ ಆಂದೋಲನದ ಜೊತೆಗೇ ಹೆಣ್ಣುಮಕ್ಕಳಿಗೆ ಸೈಕಲ್ಲು ಕಲಿಸಿದರು. ಸಾವಿರ ಸಾವಿರ ಹೆಂಗಸರು ಬೀದಿಗೆ ಬಂದು ತುಳಿದರು. ಹೆಂಗಸರಿಗೆ ಯಾಕೆ ಇದೆಲ್ಲ ಅಂತ ಆಡಿಕೊಂಡವರೇ ಆಮೇಲೆ ಬಾಯಿ ಮುಚ್ಚಿದರು. ಎರಡು ಚಕ್ರಕ್ಕೆ ಆದದ್ದು ಒಂದು ಚಕ್ರಕ್ಕೆ ಯಾಕೆ ಆಗಬಾರದು?

ಖರ್ಚೂ ದೊಡ್ಡದಲ್ಲ. ಮಕ್ಕಳು ಸರದಿಯಲ್ಲಿ ಹತ್ತುತ್ತಾರಾದ್ದರಿಂದ ಒಂದು ಶಾಲೆಗೆ ಇಂಥ ಎರಡು ಸೈಕಲ್ಲು ಸಾಕು. ಒಬ್ಬರು ಹತ್ತಬೇಕಾದರೆ ಅಕ್ಕಪಕ್ಕ ಹೆಗಲು ಕೊಡಲು ಇಬ್ಬರು ಬೇಕು, ಹಾಗಾಗಿ ಒಬ್ಬರೇ ಕಲಿಯುವ ವಿದ್ಯೆ ಇದಲ್ಲ. ಎಡಗಡೆ ಹೆಗಲು ಕನ್ನಡ ಮಾತಾಡಲಿ, ಬಲಗಡೆ ಹೆಗಲು ತೆಲುಗು ಮಾತಾಡಲಿ, ಚಕ್ರಕ್ಕೆ ಭೇದವಿಲ್ಲ. ಕ್ರೀಡಾ ಸಾಮಗ್ರಿ ಕೊಳ್ಳುವಾಗ ಮುಖ್ಯೋಪಾಧ್ಯಾಯರು, ಶಾಲೆಗೆ ದೇಣಿಗೆ ಕೊಡುವ ಹಳೇ ವಿದ್ಯಾರ್ಥಿಗಳು ಬ್ಯಾಟು, ಬಾಲಿನ ಜೊತೆ ಈ ಒಂಟಿ ಚಕ್ರದ ಕಡೆಗೂ ಒಮ್ಮೆ ನೋಡಲಿ. ಗೋಡೆ ಇದೆ, ಅಂಗಳ ಇದೆ, ಬೀಳಲು ಅಂಜದ ಮಕ್ಕಳು ನಮ್ಮ ಊರುಗಳಲ್ಲಿ ಬೇಕಾದಷ್ಟಿದ್ದಾರೆ.