ಹಳೆಯ ಮಂದಿರ, ಹೊಸ ಹಾಡು

ಶತಮಾನಗಳಷ್ಟು ಹಳೆಯದಾದ ಇಗರ್ಜಿಯೊಂದರಲ್ಲಿ ನಮ್ಮ ಕಾಲದವರು ರಚಿಸಿದ ವೃಂದಗಾನವನ್ನು ಹಾಡುವುದು ಉಚಿತವೆ? ಹಳೆಯ ಕಟ್ಟಡಕ್ಕೆ ಹಳೆಯ ಹಾಡೇ ಒಪ್ಪುವುದೆಂದು ಹಲವರಿಗೆ ತೋರಬಹುದು. ಇಂಗ್ಲೆಂಡಿನ ಕೇಂಬ್ರಿಜ್ ನಗರದಲ್ಲಿರುವ ಕಿಂಗ್ಸ್ ಕಾಲೇಜಿನ ಪ್ರಾರ್ಥನಾಮಂದಿರದ ಚರಿತ್ರೆಯನ್ನು ನೋಡಿದರೆ ಈ ಪ್ರಶ್ನೆಗೆ ಉತ್ತರ ದೊರಕೀತು.

ಆರನೆಯ ಹೆನ್ರಿ ದೊರೆಯ ಕಾಲದಲ್ಲಿ, 1446ರಲ್ಲಿ, ಈ ಮಂದಿರಕ್ಕೆ ಅಡಿಗಲ್ಲು ಬಿತ್ತು. ಬೀಸಣಿಗೆಯಂತೆ ಹರಡಿದ ಅದರ ಕಲ್ಲಿನ ಚಾವಣಿ ಮುಗಿದದ್ದು 1515ರಲ್ಲಿ. ಮಂದಿರದ ಉದ್ದ 289 ಅಡಿ, ಅಗಲ 40 ಅಡಿ, ಎತ್ತರ 80 ಅಡಿ. ಇಂಥ ಕಲ್ಲುಕಟ್ಟಡದಲ್ಲಿ ಹಾಡಿದ ಸ್ವರವು ಬಾಯಿ ಮುಚ್ಚಿದೊಡನೆ ಅಡಗುವುದಿಲ್ಲ. ಗೋಡೆಯಿಂದ ಗೋಡೆಗೆ ಬಡಿದು ಕೆಲವು ಕ್ಷಣ ತೇಲುತ್ತಿರುತ್ತದೆ. ಇದೇ ಅನುರಣನ. ಕೋಣೆಯ ಗಾತ್ರ ಹೆಚ್ಚಿದಷ್ಟೂ ಇದು ದೀರ್ಘವಾಗುತ್ತದೆ, ಧ್ವನಿಯನ್ನು ಹೀರುವ ವಸ್ತುಗಳು ಹೆಚ್ಚಿದಷ್ಟೂ ಕಿರಿದಾಗುತ್ತದೆ ಎಂಬುದನ್ನು ಅಮೆರಿಕದ ವಿಜ್ಞಾನಿ ವ್ಯಾಲೇಸ್ ಸಬೀನ್ 1895ರಲ್ಲಿ ಆರಂಭಿಸಿದ ಪ್ರಯೋಗಗಳಿಂದ ತೋರಿಸಿಕೊಟ್ಟನು. ಮನುಷ್ಯರ ಉಡುಪೂ ಧ್ವನಿಯನ್ನು ಹೀರುತ್ತದೆ. ಆದುದರಿಂದ ಬರಿದಾದ ಮಂದಿರದಲ್ಲಿ ಅಭ್ಯಾಸ ಮಾಡಿದ ಹಾಡು, ಜನ ತುಂಬಿದಾಗ ಬೇರೆಯಾಗಿಯೇ ಕೇಳಿಸುತ್ತದೆ.

ಅನುರಣನವು ತಂಬೂರಿಯಂತೆ ಕಂಠಗಳನ್ನೆಲ್ಲ ಬೆಸೆಯುತ್ತದೆ. ಆದರೆ ತಂಬೂರಿ ಒಂದೇ ಶ್ರುತಿಯನ್ನು ಹಿಡಿದಿದ್ದರೆ, ಇಲ್ಲಿ ಹಿಂದಿನ ಸ್ವರವೇ ಉಳಿದು ಮುಂದಿನದರೊಡನೆ ಕಲೆಯುತ್ತದೆ. ಸ್ವರಮೇಳಗಳು ಬೇಗಬೇಗನೆ ಬದಲಾದರೆ ಎಲ್ಲವೂ ಕಲಸಿಹೋಗುತ್ತದೆ. ಆಧುನಿಕ ಸಂಗೀತದಲ್ಲಿ ಪರಸ್ಪರ ಘರ್ಷಿಸುವ ಸ್ವರಗಳು ಹೆಚ್ಚು. ಆದುದರಿಂದ ಅಪಾಯವೂ ಹೆಚ್ಚು. ಗಾಯಕರು ವ್ಯಂಜನಗಳನ್ನು ಸ್ಫುಟವಾಗಿ ಉಚ್ಚರಿಸಬೇಕು, ಗತಿಯನ್ನು ಅಳತೆಯರಿತು ನಡೆಸಬೇಕು, ಮೌನವನ್ನು ಕಲ್ಲಿನ ದನಿ ತುಂಬಲು ಬಿಡಬೇಕು.

ಈ ಮಂದಿರದಲ್ಲಿ 1918ರಿಂದ ಕ್ರಿಸ್ಮಸ್ಸಿನ ಹಿಂದಿನ ದಿನ ಒಂಬತ್ತು ಪಾಠಗಳ ಗಾನೋತ್ಸವ ನಡೆಯುತ್ತಿದೆ. 1928ರಲ್ಲಿ ಅದು ಮೊದಲ ಬಾರಿಗೆ ರೇಡಿಯೋದಲ್ಲಿ ಪ್ರಸಾರವಾಯಿತು. ಗಾಯನ ನಿರ್ದೇಶಕ ಸ್ಟೀಫನ್ ಕ್ಲಿಯೊಬರಿಯವರು 1983ರಲ್ಲಿ ಈ ಉತ್ಸವಕ್ಕೆ ವರ್ಷವರ್ಷವೂ ಹೊಸ ಹಾಡೊಂದನ್ನು ಬರೆಯಿಸುವ ಪದ್ಧತಿಯನ್ನು ಆರಂಭಿಸಿದರು. 1990ರಲ್ಲಿ ಎಸ್ಟೋನಿಯದ ಆರ್ವೊ ಪಾರ್ಟ್ ಬರೆದುಕೊಟ್ಟ ಪುಟ್ಟ ಸ್ಲಾವಿಕ್ ಗೀತದಲ್ಲಿ ಮಾತು ಚುರುಕಾಗಿ ಓಡುತ್ತದೆ, ಸ್ವರಮೇಳವಾದರೋ ಹೆಚ್ಚು ಕದಲುವುದಿಲ್ಲ. ಇಂಥ ರಚನೆಗೆ ಅನುರಣನವು ಶತ್ರುವಲ್ಲ, ಮಿತ್ರ.

ಇನ್ನೊಂದು ಸಂಗತಿ. ಇಂದು ಪ್ರಾಚೀನನೆನಿಸಿರುವ ಆರ್ಲ್ಯಾಂಡೊ ಗಿಬನ್ಸ್ 1596ರಲ್ಲಿ ಇಲ್ಲಿಯ ಬಾಲಗಾಯಕನಾಗಿದ್ದನು. ಚಾವಣಿ ಮುಗಿದು ಆಗಲೇ ಎಂಬತ್ತು ವರ್ಷ ಕಳೆದಿತ್ತು. ಅವನು ಮುಂದೆ ಬರೆದ ಸಂಗೀತವೂ ಈ ಕಲ್ಲುಗಳಿಗೆ ಹೊಸದೇ. ಹಳೆಯ ಮಂದಿರವನ್ನು ಬರಿಯ ವಸ್ತುಸಂಗ್ರಹಾಲಯವಾಗಗೊಡದೆ ಉಳಿಸುವುದು, ಅದರ ದನಿಯನ್ನರಿತು ಹಾಡಿದ ಹೊಸ ಹಾಡೇ ಅಲ್ಲವೆ?